ಕಾನಿನಲ್ಲಿ ನಾಯಿ

ಮಲೆನಾಡಿನ ಹಳ್ಳಿಯಲ್ಲಿ ಮನೆಯ ಯಜಮಾನನು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಪ್ಪಿನಬೆಟ್ಟದ ಕಡೆಗೆ ಹೊರಟನೆಂದರೆ, ಅವನಿಗಿಂತ ಮೊದಲು ದಣಪೆಯನ್ನು ದಾಟಿ ನಿಲ್ಲುವುದು ಮನೆಯ ನಾಯಿ. ಸೊಪ್ಪಿನಬೆಟ್ಟವೆಂದರೆ ಘೋರಾರಣ್ಯವಲ್ಲ. ಅಡಕೆಯ ತೋಟಕ್ಕೆ ಬೇಕಾದ ಸೊಪ್ಪು, ದರಕುಗಳಿಗಾಗಿ ತೋಟಿಗರಿಗೆ ಬಿಟ್ಟುಕೊಟ್ಟ ಕಾಡು ಅದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಇಂಥ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬೆಳೆದುಬಂದಿತು. ಮತ್ತಿ, ಹೊನ್ನೆ, ನಂದಿ, ನೇರಳೆಗಳ ಈ ಕಾಡು ಮನೆಗೂ ಹತ್ತಿರ, ಮೃಗಗಳಿಗೂ ಹತ್ತಿರ.

ಕಾಡಿನೊಳಗೆ ಕಾಲಿಟ್ಟ ಮನುಷ್ಯನಿಗೆ ಕಣ್ಣೇ ಆಧಾರ, ನಾಯಿಗೆ ಮೂಗು. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕಣಗಳು ಸುಮಾರು 50 ಲಕ್ಷವಿದ್ದರೆ, ಅನೇಕ ತಳಿಯ ನಾಯಿಗಳಲ್ಲಿ ಅವು 20 ಕೋಟಿಯನ್ನು ಮೀರುತ್ತವೆ. ನಾಯಿಯ ಮೂಗಿನ ತುದಿ ಸದಾ ಒದ್ದೆಯಾಗಿರುವುದೂ ವ್ಯರ್ಥವಲ್ಲ. ಗಾಳಿಯಲ್ಲಿ ತೇಲುವ ವಾಸನೆಯ ಕಣಗಳು ಆ ತೇವಕ್ಕೆ ಅಂಟಿಕೊಳ್ಳುತ್ತವೆ. ಮೂಸುವಾಗ ಅದು ಉಸಿರನ್ನು ಹೊರಬಿಡುವುದು ಹೊಳ್ಳೆಗಳ ಪಕ್ಕದ ಸೀಳುಗಳ ಮೂಲಕ. ಆದುದರಿಂದ ಹೊರಹೋಗುವ ಗಾಳಿಯು ಒಳಬರುವ ವಾಸನೆಯನ್ನು ಚದುರಿಸುವುದಿಲ್ಲ. ರಾತ್ರಿ ಹಾದುಹೋದ ಹಂದಿಯ ಜಾಡು ಯಜಮಾನನಿಗೆ ಬರಿಯ ನೆಲ. ನಾಯಿಗೆ ಅದು ಇನ್ನೂ ಆರದ ಸುದ್ದಿ.

ಈ ಮೂಗನ್ನೂ ಇದರ ಹಿಂದಿರುವ ಧೈರ್ಯವನ್ನೂ ಕನ್ನಡಿಗರು ಬಹುಕಾಲದಿಂದ ಬಲ್ಲರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಕಲ್ಲೊಂದು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದುದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗಾಗಿ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯ ಕಾಲ ಬೇರೆ, ಇಂದಿನ ಕಾಲ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮನುಷ್ಯನ ಬೇಟೆಯನ್ನು ತಡೆಯಿತು. ನಾಯಿಗೆ ಕಾಯಿದೆಯ ಅರಿವಿಲ್ಲ. ಬೇಸಗೆಯ ದಿನಗಳಲ್ಲಿ ಕಾಡುಕೋಳಿಯು ಪೊದೆಯ ಬುಡದಲ್ಲಿ, ನೆಲವನ್ನು ತುಸು ಕೆದರಿ ತರಗೆಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಮೊಲದ ಮರಿ ಹುಲ್ಲಿನ ತಗ್ಗಿನಲ್ಲಿ ಅಲುಗಾಡದೆ ಕುಳಿತಿರುತ್ತದೆ. ಹದ್ದಿನ ಕಣ್ಣನ್ನು ವಂಚಿಸಲು ಈ ನಿಶ್ಚಲತೆ ಸಾಕು. ನಾಯಿಯ ಮೂಗಿನ ಮುಂದೆ ಅದು ನಿಲ್ಲದು. ನಾಯಿ ಕಚ್ಚಲೇಬೇಕೆಂದಿಲ್ಲ. ಅದರ ಬೊಗಳಿಕೆಗೆ ಬೆದರಿ ಎದ್ದುಹೋದ ಹೇಂಟೆಯು ಬೇಗ ಹಿಂದಿರುಗದಿದ್ದರೆ ಮೊಟ್ಟೆಗಳು ತಣ್ಣಗಾಗುತ್ತವೆ. "ನಮ್ಮ ನಾಯಿ ಬಹಳ ಸಾಧು" ಎಂದು ಹೇಳುವವರು ಹೇಳುತ್ತಿರುವುದು ಮನೆಯಂಗಳದ ನಾಯಿಯ ವಿಷಯವನ್ನು. ಆದುದರಿಂದ ಕಾನಿನೊಳಗೆ, ಅದರಲ್ಲಿಯೂ ಮರಿಮಾಡುವ ಕಾಲದಲ್ಲಿ, ಕೊರಳಿನ ಹಗ್ಗ ಯಜಮಾನನ ಕೈಯಲ್ಲಿರುವುದೇ ಲೇಸು.

ಕಣ್ಣಿಗೆ ಕಾಣದ ಅಪಾಯವೂ ಒಂದುಂಟು. ನಾಯಿಗಳಿಗೆ ತಗಲುವ ಡಿಸ್ಟೆಂಪರ್ ಎಂಬ ವೈರಾಣುರೋಗವು ಕಾಡಿನ ಮಾಂಸಾಹಾರಿಗಳಿಗೂ ಅಂಟುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಅಲ್ಲಿನ ಸಿಂಹಗಳ ಸುಮಾರು ಮೂರನೆಯ ಒಂದು ಭಾಗ ಈ ರೋಗದ ಹಾವಳಿಯಲ್ಲಿ ನಾಶವಾಯಿತು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಹಲವುಗಳಲ್ಲಿ ಇದೇ ವೈರಾಣು ಪತ್ತೆಯಾಯಿತು. ಮಲೆನಾಡಿನ ಸೀಳುನಾಯಿಯಾದರೋ ಸಾಕುನಾಯಿಯ ಹತ್ತಿರದ ನೆಂಟ. ಡಿಸ್ಟೆಂಪರ್‌ಗೂ ಹುಚ್ಚುನಾಯಿ ರೋಗಕ್ಕೂ ಲಸಿಕೆಯಿದೆ. ಅದನ್ನು ಹಾಕಿಸದೆ ನಾಯಿಯನ್ನು ಕಾಡಿಗೆ ಕರೆದೊಯ್ಯುವುದು ಬೇಜವಾಬ್ದಾರಿತನವಲ್ಲದೆ ಮತ್ತೇನು?

ಕಾಡಿನಿಂದ ನಾಯಿಗೂ ಭಯ ತಪ್ಪಿದ್ದಲ್ಲ. ಹಂದಿಯ ಕೋರೆ, ಮುಳ್ಳುಹಂದಿಯ ಮುಳ್ಳು ಹಳೆಯ ಶತ್ರುಗಳು. ಎಲ್ಲಕ್ಕಿಂತ ಮಿಗಿಲಾದುದು ಚಿರತೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಅವುಗಳ ಆಹಾರದ ತೂಕದಲ್ಲಿ ಶೇಕಡ 39ರಷ್ಟು ನಾಯಿಗಳದೇ. ಹೊತ್ತು ಇಳಿಯುವ ಮೊದಲೇ ನಾಯಿಯೊಡನೆ ಮನೆ ಸೇರುವ ಹಿರಿಯರ ರೂಢಿ ಸುಮ್ಮನೆ ಬಂದುದಲ್ಲ.

ಮನೆ ಸೇರಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಹರಡುವುದು ಉಣ್ಣೆಗಳ ಕಡಿತದಿಂದ. ಅದರ ಹಾವಳಿ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ದರಕಿನ ನಡುವೆ ಓಡಾಡಿ ಬಂದ ನಾಯಿಯ ಮೈಯಲ್ಲಿ ಉಣ್ಣೆಗಳು ಮನೆಯೊಳಕ್ಕೆ ಬರಬಲ್ಲವು. ಅವುಗಳ ಮರಿಗಳಂತೂ ಸಾಸಿವೆಕಾಳಿಗಿಂತ ಸಣ್ಣವು. ಬಲ್ಲವರು ನಾಯಿಯನ್ನು ಅಂಗಳದಲ್ಲಿಯೇ ನಿಲ್ಲಿಸಿ ಕಿವಿಯ ಮಡಿಕೆ, ಕತ್ತಿನ ಅಡಿ, ಬೆರಳುಗಳ ಸಂದುಗಳನ್ನೆಲ್ಲ ಬಿಡಿಸಿ ನೋಡುತ್ತಾರೆ. ಉಣ್ಣೆ ಸಿಕ್ಕರೆ ಚಿಮಟದಿಂದ ಹಿಡಿದು ಕೀಳುತ್ತಾರೆ, ಬರಿಗೈಯಿಂದ ಹೊಸಕುವುದಿಲ್ಲ. ಆಮೇಲೆ ತಮ್ಮ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಸ್ನಾನಕ್ಕೆ ಹೋಗುತ್ತಾರೆ. ನಾಯಿಯು ಅಷ್ಟರಲ್ಲಿ ಜಗಲಿಯ ಮೂಲೆಯಲ್ಲಿ ಸುತ್ತಿಕೊಂಡು ಮಲಗಿರುತ್ತದೆ.