ಪೇರೆಸ್ ಇಲಿಯ ಕಥೆಯೂ ಮನೆಯ ಪಾಠವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾಯಿತಂದೆಗಳೇ ಮನೆಯಲ್ಲಿ ಓದಿಸುವ ಪದ್ಧತಿಯು 1993ರ ವೇಳೆಗೆ 50 ಸಂಸ್ಥಾನಗಳಲ್ಲಿಯೂ ನ್ಯಾಯಸಮ್ಮತವಾಯಿತು. ಇಂತಹ ಮನೆಗಳಲ್ಲಿ ಸ್ಪ್ಯಾನಿಷ್ ಭಾಷೆಯನ್ನಾಡುವ ಜನಗಳ ಸಂಸ್ಕೃತಿಯನ್ನು ಮಕ್ಕಳಿಗೆ ಪರಿಚಯ ಮಾಡಿಕೊಡಲು ಕಥೆಯ ಪುಸ್ತಕಗಳನ್ನು ಬಳಸುವುದುಂಟು. ಸಾಧನವೇನೋ ಒಳ್ಳೆಯದೇ. ಆದರೆ ಶಾಲೆಗೆ ಹೋಗುವ ಮಗುವಿನ ಪಕ್ಕದಲ್ಲಿ ಮೆಕ್ಸಿಕೋ ಅಥವಾ ಕ್ಯೂಬಾ ಮೂಲದ ಗೆಳೆಯನೊಬ್ಬನು ಕುಳಿತಿದ್ದರೆ, ಪುಸ್ತಕವು ಹೇಳಿದ ತಪ್ಪನ್ನು ಅವನೇ ತಿದ್ದಬಲ್ಲನು. ಮನೆಯಲ್ಲಿ ಓದುವ ಮಗುವಿಗೆ ಅನೇಕವೇಳೆ ಪುಸ್ತಕವೊಂದೇ ಸಾಕ್ಷಿ.

‘ಹಿಸ್ಪಾನಿಕ್’ ಎಂಬ ಶಬ್ದವೇ ಈ ತೊಡಕನ್ನು ಹೆಚ್ಚಿಸಿರುವುದು. 1980ರ ಅಮೆರಿಕದ ಜನಗಣತಿಯಿಂದ ರೂಢವಾದ ಈ ಹೆಸರು ಲೆಕ್ಕಕ್ಕೆ ಅನುಕೂಲವಾದುದೇ ಹೊರತು ಒಂದು ಜನಾಂಗದ ಹೆಸರಲ್ಲ. ಇಪ್ಪತ್ತರಷ್ಟು ದೇಶಗಳ ಜನರನ್ನು ಒಂದೇ ಚೀಲದಲ್ಲಿ ತುಂಬಿ, ಅಗಲವಾದ ಟೋಪಿ, ಗಿಟಾರು, ಖಾರದ ತಿನಿಸು ಇಷ್ಟನ್ನೇ ತೋರಿಸುವ ಚಿತ್ರಪುಸ್ತಕಗಳಿಗೆ ಕೊರತೆಯಿಲ್ಲ. ಆದುದರಿಂದ ಇಡೀ ಸಂಸ್ಕೃತಿಗೆ ಒಂದು ಪುಸ್ತಕವೆಂಬ ಕ್ರಮವನ್ನು ಬಿಟ್ಟು, ಒಂದೇ ಕಥೆಯು ಹಲವು ನೆಲಗಳಲ್ಲಿ ತಾಳಿದ ರೂಪಗಳನ್ನು ಹಿಂಬಾಲಿಸುವುದು ಮೇಲೆಂದು ನಮ್ಮ ಮತ. ಇದಕ್ಕೆ ಪೇರೆಸ್ ಎಂಬ ಇಲಿಯ ಕಥೆಗಿಂತ ತಕ್ಕುದು ಬೇರೊಂದು ತೋರದು.

ಫೆರ್ನಾನ್ ಕಬಯೆರೋ ಎಂಬ ಗಂಡು ಹೆಸರಿನಿಂದ ಬರೆಯುತ್ತಿದ್ದ ಸೆಸಿಲಿಯ ಬೋಲ್ ದೆ ಫಾಬೆರ್ (1796–1877) ಎಂಬಾಕೆಯು ಸ್ಪೇನಿನ ದಕ್ಷಿಣಭಾಗವಾದ ಆಂದಲೂಸಿಯದ ಜನಪದ ಕಥೆಗಳನ್ನು ಸಂಗ್ರಹಿಸಿದವಳು. ಆಕೆಯ ಸಂಗ್ರಹದಲ್ಲಿ ಕಥಾನಾಯಿಕೆಯು ಒಂದು ಇರುವೆ. ಬಾಗಿಲು ಗುಡಿಸುತ್ತಿರುವಾಗ ಅದಕ್ಕೊಂದು ಕಾಸು ಸಿಕ್ಕುತ್ತದೆ. ತಿಂಡಿ ಕೊಳ್ಳೋಣವೇ ಎಂದು ಯೋಚಿಸಿ, ಕೊನೆಗೆ ಕೆನ್ನೆಗೆ ಹಚ್ಚುವ ಬಣ್ಣವನ್ನು ಕೊಂಡು, ಸಿಂಗರಿಸಿಕೊಂಡು ಕುಳಿತುಕೊಳ್ಳುತ್ತದೆ. ವರಿಸಲು ಬಂದ ಪ್ರಾಣಿಗಳನ್ನೆಲ್ಲ ನಿರಾಕರಿಸಿ ಪೇರೆಸ್ ಇಲಿಯನ್ನು ಮದುವೆಯಾಗುತ್ತದೆ. ಆ ಇಲಿಯೋ ಬಾಯಿಚಪಲದಿಂದ ಒಲೆಯ ಮೇಲಿನ ಗಡಿಗೆಗೆ ಬಿದ್ದು ಸಾಯುತ್ತದೆ. ಇರುವೆಯ ಅಳುವಿಗೆ ಹಕ್ಕಿಯು ತನ್ನ ಕೊಕ್ಕನ್ನು ಕತ್ತರಿಸಿಕೊಳ್ಳುತ್ತದೆ. ಅದನ್ನು ಕಂಡು ಪಾರಿವಾಳವು ಬಾಲವನ್ನು. ಹೀಗೆ ಶೋಕವು ಒಬ್ಬರಿಂದೊಬ್ಬರಿಗೆ ಹಬ್ಬುತ್ತ ಅರಮನೆಯವರೆಗೂ ಮುಟ್ಟುತ್ತದೆ. (ಸೂರ್ಯ, ಮೇಘ, ವಾಯು, ಪರ್ವತಗಳನ್ನು ಬಿಟ್ಟು ಇಲಿಯನ್ನೇ ವರಿಸಿದ ಕನ್ಯೆಯ ಕಥೆಯು ಪಂಚತಂತ್ರದಲ್ಲಿರುವುದು ವಾಚಕರಿಗೆ ನೆನಪಾಗಬಹುದು. ಅದೂ ಅರಬ್ಬೀ ಭಾಷೆಯ ಮಾರ್ಗವಾಗಿ 1251ರಲ್ಲಿ ಕಾಸ್ತಿಲಿಯದ ಭಾಷೆಗೆ ಇಳಿಯಿತು. ಹೋಲಿಕೆಯ ಮಾತ್ರದಿಂದ ಬಾಂಧವ್ಯವು ಸಿದ್ಧವಾಗದಾದರೂ, ಕಥೆಗಳು ಎಷ್ಟು ದೂರ ನಡೆಯಬಲ್ಲವೆಂಬುದನ್ನು ಮಗುವಿಗೆ ತೋರಿಸಲು ಇಷ್ಟು ಸಾಕು.)

ಅದೇ ಕಥೆಯು ಸಮುದ್ರವನ್ನು ದಾಟಿ ಕ್ಯಾರಿಬಿಯನ್ ದ್ವೀಪಗಳನ್ನು ಸೇರಿದಾಗ ಇರುವೆಯು ಜಿರಲೆಯಾಯಿತು. ಅದಕ್ಕೆ ಮಾರ್ತೀನ ಎಂದು ಹೆಸರಾಯಿತು. ಪೋರ್ತೊ ರೀಕೊ ದ್ವೀಪದ ಪೂರಾ ಬೆಲ್ಪ್ರೇ ಎಂಬಾಕೆಯು ಬಾಲ್ಯದಲ್ಲಿ ತನ್ನ ಅಜ್ಜಿಯಿಂದ ಇದನ್ನು ಕೇಳಿದ್ದಳು. 1921ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಕೆಲಸಕ್ಕೆ ಸೇರಿದ ಆಕೆಗೆ, ತನ್ನ ನಾಡಿನ ಕಥೆಗಳು ಅಲ್ಲಿಯ ಕಪಾಟುಗಳಲ್ಲಿ ಕಾಣಲಿಲ್ಲ. ತಾನೇ ಮಕ್ಕಳನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಹೇಳತೊಡಗಿದಳು. 1932ರಲ್ಲಿ ಅದು ‘ಪೇರೆಸ್ ಮತ್ತು ಮಾರ್ತೀನ’ ಎಂಬ ಪುಸ್ತಕವಾಗಿ ಹೊರಬಂದಿತು. ನಾಡನ್ನು ಬಿಟ್ಟು ಬಂದವರ ಮಕ್ಕಳಿಗೆ ಪುಸ್ತಕದ ಕಪಾಟಿನಲ್ಲಿ ತಮ್ಮ ಅಜ್ಜಿಯ ಮಾತು ದೊರೆಯುವುದೆಂದರೆ ಅಲ್ಪವಾದ ಸಂಗತಿಯಲ್ಲ. ಆಕೆಯ ಹೆಸರಿನ ಬಹುಮಾನವು 1996ರಿಂದ ಇಂತಹ ಗ್ರಂಥಗಳಿಗೆ ಸಲ್ಲುತ್ತಿರುವುದರಿಂದ, ಪುಸ್ತಕಗಳನ್ನು ಆರಿಸುವ ತಾಯಿತಂದೆಗಳಿಗೆ ಅದರ ಪಟ್ಟಿಯು ಒಳ್ಳೆಯ ದಾರಿತೋರುಕ.

ವರಗಳಾಗಿ ಬರುವ ಪ್ರಾಣಿಗಳ ಕೂಗನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಬೇಕು. ಸ್ಪ್ಯಾನಿಷ್ ಹುಂಜವು ಕಿಕಿರಿಕೀ ಎನ್ನುವುದು, ನಾಯಿಯು ಗುವಾವ್ ಎನ್ನುವುದು. ವ್ಯಾಕರಣಕ್ಕೆ ಮೊದಲು ಕಿವಿಗೆ ಭಾಷೆಯನ್ನು ಪಳಗಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಹವಾನಾದಲ್ಲಿ ಹುಟ್ಟಿದ ಕಾರ್ಮೆನ್ ಆಗ್ರ ಡೀಡಿಯು 2007ರಲ್ಲಿ ಪ್ರಕಟಿಸಿದ ಕ್ಯೂಬಾದ ರೂಪದಲ್ಲಿ ಇಲಿಯು ಸಾಯುವುದಿಲ್ಲ. ವರಗಳ ಪಾದರಕ್ಷೆಯ ಮೇಲೆ ಕಾಫಿಯನ್ನು ಚೆಲ್ಲಿ ಅವರ ಸ್ವಭಾವವನ್ನು ಪರೀಕ್ಷಿಸುವ ವಿನೋದವು ಅಲ್ಲಿದೆ. ಅದು ಸೊಗಸಾದ ಪುಸ್ತಕವೇ. ಆದರೂ ಮಗುವು ಹೆದರೀತೆಂದು ಹಳೆಯ ರೂಪವನ್ನು ಮುಚ್ಚಿಡುವುದು ತರವಲ್ಲ. ನೆರೆಹೊರೆಯೆಲ್ಲ ಸೇರಿ ಅಳುವ ರೀತಿಯೂ ಆ ಜನರ ಸಂಸ್ಕೃತಿಯ ಭಾಗವೇ ಆಗಿರುವುದು. ಎರಡನ್ನೂ ಓದಿ, ವ್ಯತ್ಯಾಸವೇಕೆಂದು ಮಗುವನ್ನೇ ಕೇಳಬೇಕು.

ಹತ್ತು ವರ್ಷ ದಾಟಿದವರಿಗೆ ಪಾದ್ರಿ ಲೂಯಿಸ್ ಕೊಲೋಮನ ಕಥೆಯನ್ನು ಕೊಡಬಹುದು. ಹಾಲುಹಲ್ಲು ಬಿದ್ದ ಬಾಲರಾಜ 13ನೆಯ ಆಲ್ಫೊನ್ಸೊವಿಗಾಗಿ 19ನೆಯ ಶತಮಾನದ ಕೊನೆಯ ದಶಕದಲ್ಲಿ ಬರೆದುದಿದು. ಇಲ್ಲಿ ಪೇರೆಸ್ ಇಲಿಯು ದಿಂಬಿನ ಕೆಳಗಿನ ಹಲ್ಲನ್ನು ಒಯ್ಯಲು ಬಂದು, ರಾಜನನ್ನೂ ಇಲಿಯನ್ನಾಗಿ ಮಾಡಿ ಮಾದ್ರಿದ್ ನಗರದ ಬಡಹುಡುಗನೊಬ್ಬನ ಮನೆಗೆ ಕರೆದೊಯ್ಯುತ್ತದೆ. ಇಲಿಯ ವಾಸವು ಆರೆನಾಲ್ ಬೀದಿಯ 8ನೆಯ ಮನೆಯ ಮಿಠಾಯಿ ಅಂಗಡಿಯಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ. ಸ್ಪೇನಿನ ಮಕ್ಕಳ ಹಲ್ಲನ್ನು ಇಂದಿಗೂ ಒಯ್ಯುವವನು ಈತನೇ. ಹೆಸರನ್ನು ಓದಿಸುವಾಗಲೂ ಒಂದು ವಿಷಯವನ್ನು ಗಮನಿಸಬೇಕು: ಅದರ ಕೊನೆಯ ಅಕ್ಷರವನ್ನು ದ್ವೀಪಗಳವರು ‘ಸ್’ ಎನ್ನುವರು, ಮಾದ್ರಿದಿನವರು ನಾಲಗೆಯನ್ನು ಹಲ್ಲಿಗೆ ತಾಗಿಸಿ ‘ಥ್’ ಎಂಬಂತೆ ಉಚ್ಚರಿಸುವರು.