ಅಲ್ಲಿ ಯಹೂದಿ, ಇಲ್ಲಿ ರಷ್ಯನ್

ಡಿಸೆಂಬರ್ 31ರ ರಾತ್ರಿ ಇಸ್ರೇಲಿನ ಅಶ್ದೋದ್, ಹೈಫಾ ನಗರಗಳ ಅನೇಕ ಮನೆಗಳಲ್ಲಿ ಹೊಸ ವರ್ಷ ಎರಡು ಸಲ ಬರುತ್ತದೆ. ಹನ್ನೊಂದು ಗಂಟೆಗೆ ಮೊದಲ ಶುಭಾಶಯ. ಆಗ ಮಾಸ್ಕೋದಲ್ಲಿ ಮಧ್ಯರಾತ್ರಿ. ಸ್ಥಳೀಯ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಎರಡನೆಯದು. ಬೆಳಗಾದರೆ ಎಂದಿನಂತೆ ಕೆಲಸ. ಇಸ್ರೇಲಿನಲ್ಲಿ ಜನವರಿ 1 ಸಾರ್ವತ್ರಿಕ ರಜೆಯಲ್ಲ. ಯಹೂದಿಗಳ ಹೊಸ ವರ್ಷ ಬರುವುದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ.

ಈ ಮನೆಗಳವರು ಹಿಂದಿನ ಸೋವಿಯತ್ ಒಕ್ಕೂಟದಿಂದ ಬಂದವರು. 1989ರ ಕೊನೆಯಲ್ಲಿ ಆರಂಭವಾದ ಈ ವಲಸೆಯಲ್ಲಿ, ಮುಂದಿನ ವರ್ಷಗಳಲ್ಲಿ ಇಸ್ರೇಲಿಗೆ ಬಂದವರು ಹತ್ತು ಲಕ್ಷದ ಹತ್ತಿರ. ಆಗ ಆ ದೇಶದ ಜನಸಂಖ್ಯೆ ಇದ್ದುದೇ ಸುಮಾರು 45 ಲಕ್ಷ.

ಬಂದವರಿಗೆ ಮೊದಲು ಎದುರಾದದ್ದು ಭಾಷೆ. ‘ಉಲ್ಪಾನ್’ ಎಂಬ ತರಗತಿಗಳಲ್ಲಿ, ಬಲದಿಂದ ಎಡಕ್ಕೆ ಬರೆಯುವ ಹೀಬ್ರೂವನ್ನು ಐವತ್ತು ದಾಟಿದವರೂ ಅಕ್ಷರಾಭ್ಯಾಸದಿಂದ ಕಲಿಯಬೇಕಾಯಿತು. ಓದಿದವರ ಸಂಖ್ಯೆ ದೊಡ್ಡದು, ಅದಕ್ಕೆ ತಕ್ಕ ಕೆಲಸ ಕಡಿಮೆ. ಎಂಜಿನಿಯರ್‌ಗಳು ಬೀದಿ ಗುಡಿಸಿದರು, ಸಂಗೀತ ಶಿಕ್ಷಕರು ಮನೆ ಸ್ವಚ್ಛಗೊಳಿಸಿದರು. ಅನೇಕ ವೈದ್ಯರು ಪರವಾನಗಿಗಾಗಿ ಮತ್ತೆ ಪರೀಕ್ಷೆಗೆ ಕೂತರು.

ಇದಕ್ಕಿಂತ ಸೂಕ್ಷ್ಮವಾದದ್ದು ಹೆಸರಿನ ಪ್ರಶ್ನೆ. ಸೋವಿಯತ್ ಆಂತರಿಕ ಪಾಸ್‌ಪೋರ್ಟಿನಲ್ಲಿ ‘ರಾಷ್ಟ್ರೀಯತೆ’ ಎಂಬ ಕಲಂ ಇತ್ತು. ಅಲ್ಲಿ ‘ಯಹೂದಿ’ ಎಂದಿದ್ದರೆ ಕೆಲವು ಕಾಲೇಜು, ಹುದ್ದೆಗಳ ಬಾಗಿಲು ತೆರೆಯುವುದು ಕಷ್ಟವಾಗಿತ್ತು. ಅದೇ ಜನ ಇಸ್ರೇಲಿಗೆ ಬಂದ ಮೇಲೆ ನೆರೆಹೊರೆಯವರ ಬಾಯಲ್ಲಿ ‘ರಷ್ಯನ್ನರು’ ಆದರು. ಉಕ್ರೇನಿನಿಂದ ಬಂದವರಿಗೂ ಉಜ್ಬೆಕಿಸ್ತಾನದವರಿಗೂ ಅದೇ ಹೆಸರು.

ಅವರು ಹೊಸ ವರ್ಷಕ್ಕೆ ಸಿಂಗರಿಸುವ ಮರವೂ ಇಂಥದೇ ಗೊಂದಲಕ್ಕೆ ಸಿಕ್ಕಿತು. ನೋಡಿದವರು ಕ್ರಿಸ್‌ಮಸ್ ಮರವೆಂದೇ ತಿಳಿದರು. ಆದರೆ ಕ್ರಿಸ್‌ಮಸ್ ಮರವನ್ನು ಸೋವಿಯತ್ ಆಡಳಿತ 1920ರ ದಶಕದ ಕೊನೆಯಲ್ಲೇ ದೂರವಿಟ್ಟಿತ್ತು. 1935ರಲ್ಲಿ ಅದು ಮರಳಿದ್ದು ಧರ್ಮದ ನಂಟಿಲ್ಲದ ಹೊಸ ವರ್ಷದ ಮರವಾಗಿ, ತುದಿಯಲ್ಲಿ ಕೆಂಪು ನಕ್ಷತ್ರ ಹೊತ್ತು. ಜಾತಿ, ಮತ ಕೇಳದ ಹಬ್ಬ ಎಂಬ ಕಾರಣಕ್ಕೇ ಅದು ಯಹೂದಿ ಮನೆಗಳಿಗೂ ಆಪ್ತವಾಗಿತ್ತು.

ಗೊಂದಲ ಹಬ್ಬಕ್ಕೇ ನಿಲ್ಲಲಿಲ್ಲ. 1970ರ ತಿದ್ದುಪಡಿಯಂತೆ ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಇಸ್ರೇಲಿನ ಪೌರತ್ವ ಸಿಗುತ್ತದೆ. ಆದರೆ ಅಲ್ಲಿ ಯಹೂದಿಗಳ ಮದುವೆ ರಬ್ಬಿಗಳ ಕೈಯಲ್ಲಿದೆ. ಅವರಿಗೆ ತಾಯಿ ಯಹೂದಿಯಾಗಿರಬೇಕು, ಇಲ್ಲವೇ ವಿಧಿಬದ್ಧ ಮತಾಂತರವಾಗಿರಬೇಕು. ಹೀಗಾಗಿ ಸೇನೆಯಲ್ಲಿ ದುಡಿದ ಯುವಕನೂ ಮದುವೆಗೆ ಸೈಪ್ರಸ್‌ಗೆ ಹೋಗಬೇಕಾದೀತು.

ತಾಯಿಯ ಕಡೆಯಿಂದ ಯಹೂದಿಗಳಾದವರೂ ಅದನ್ನು ರುಜುವಾತುಪಡಿಸಬೇಕಾಗುತ್ತದೆ. ಆಗ ಪೆಟ್ಟಿಗೆಯ ತಳದಿಂದ ಅಜ್ಜಿಯ ಹಳೆಯ ಸೋವಿಯತ್ ಕಾಗದಪತ್ರ ಹೊರಬರುತ್ತದೆ. ಒಂದು ಕಾಲದಲ್ಲಿ ಆಕೆಗೆ ತೊಡಕಾಗಿದ್ದ ‘ಯಹೂದಿ’ ಎಂಬ ಪದವೇ ಈಗ ಮೊಮ್ಮಗಳ ಮದುವೆಗೆ ಸಾಕ್ಷಿ.