ಎರಡು ಸಾವಿರದಲ್ಲಿ ಏನೇನಿದೆ ನೋಡಿ!

ಅತ್ತೆ-ಸೊಸೆ ಸೇರಿ ಬೋರ್ ಕೊರೆಸಿದರು! 2024ರ ಕೊನೆಯಲ್ಲಿ ಗಜೇಂದ್ರಗಡದಿಂದ ಬಂದ ಸುದ್ದಿ ಇದು. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ ₹2,000ದಂತೆ ಬಂದ ರೊಕ್ಕವನ್ನು ಕೂಡಿಟ್ಟರು, ಕಡಿಮೆ ಬಿದ್ದದ್ದಕ್ಕೆ ಮನೆಮಗ ಕೈಜೋಡಿಸಿದ, ರಿಗ್ ಲಾರಿ ಬಂದು ನಿಂತಿತು, ಕೊರೆಯಿತು, ನೀರು ಬಂತು. ಬೋರ್‌ವೆಲ್ ಕೊರೆಸಿ ಎಂದು ಅವರಿಗೆ ಯಾವ ಅಧಿಕಾರಿಯೂ ಹೇಳಿರಲಿಲ್ಲ. ಸರ್ಕಾರದ ಆದೇಶದಲ್ಲಿ ಬೋರ್‌ವೆಲ್ ಎಂಬ ಶಬ್ದವೇ ಇಲ್ಲ. ಮನೆಗೆ ಏನು ಬೇಕೆಂದು ಆ ಇಬ್ಬರಿಗೆ ಗೊತ್ತಿತ್ತು, ಅಷ್ಟೇ!

ಈಗ ಗದಗ ಜಿಲ್ಲೆಯ ರೋಣ ಸೀಮೆಯ ನಕ್ಷೆ ಬಿಚ್ಚಿ ನೋಡಿ, ಬೆರಗು ಇನ್ನೂ ಹೆಚ್ಚುತ್ತದೆ. ಒಂದು ತುದಿಗೆ ಗುಡ್ಡದ ಸೆರಗಿನಲ್ಲಿ ಗಜೇಂದ್ರಗಡ, ಹನಿ ನೀರಿಗೂ ನೆಲ ಕೊರೆಯಬೇಕಾದ ಕಡೆ. ಇನ್ನೊಂದು ತುದಿಗೆ ಮಲಪ್ರಭೆಯ ದಂಡೆಯ ಮೆಣಸಗಿ. ಇಲ್ಲಿ ಕಥೆ ಪೂರ್ತಿ ತಿರುವು ಮುರುವು. ಬೆಣ್ಣಿಹಳ್ಳವೂ ಮಲಪ್ರಭೆಯೂ ಒಟ್ಟಿಗೆ ಉಕ್ಕಿದರೆ ನೀರು ತಾನಾಗಿ ಮನೆಯೊಳಗೆ ಬರುತ್ತದೆ. 2009ರಲ್ಲಿ ಬಂತು, 2019ರಲ್ಲಿ ಮತ್ತೆ ಬಂತು. ಮೆಣಸಗಿ, ಹೊಳೆಆಲೂರು ಕಡೆಯ ಜನ ಆ ಎರಡು ವರ್ಷಗಳನ್ನು ಮರೆತಿಲ್ಲ. ಕೆಲ ವರ್ಷಗಳ ಹಿಂದಿನವರೆಗೆ ಗಜೇಂದ್ರಗಡವೂ ಮೆಣಸಗಿಯೂ ಒಂದೇ ತಾಲ್ಲೂಕಿನಲ್ಲಿದ್ದವು. ಒಂದೇ ತಾಲ್ಲೂಕಿನ ಒಂದು ಮನೆಗೆ ನೀರು ತರಬೇಕು, ಇನ್ನೊಂದು ಮನೆಯಿಂದ ನೀರು ಹೊರಹಾಕಬೇಕು! ಬೆಂಗಳೂರಿನಲ್ಲಿ ಕೂತು ಯಾವ ಯೋಜನೆ ಬರೆದರೆ ಈ ಎರಡು ಮನೆಗಳಿಗೂ ಒಪ್ಪೀತು?

ಒಪ್ಪುವುದು ಒಂದೇ ಇದೆ. ಅದು ರೊಕ್ಕ. ಅಕ್ಕಿ ಚೀಲ ಅಕ್ಕಿಯಾಗಿಯೇ ಉಳಿಯುತ್ತದೆ, ಹೊಲಿಗೆ ಯಂತ್ರ ಹೊಲಿಗೆ ಯಂತ್ರವಾಗಿಯೇ ಉಳಿಯುತ್ತದೆ. ರೊಕ್ಕ ಮಾತ್ರ ಆ ಮನೆಗೆ ಬೇಕಾದ ರೂಪ ತಾಳುತ್ತದೆ. 2019ರ ಪ್ರವಾಹದ ಬೆನ್ನಿಗೆ ನೀರು ನುಗ್ಗಿದ ಮನೆಗಳಿಗೆ ಸರ್ಕಾರ ತುರ್ತಾಗಿ ಕೊಟ್ಟದ್ದೂ ರೊಕ್ಕವೇ, ಕುಟುಂಬಕ್ಕೆ ₹10,000. ಪೂರ್ತಿ ಬಿದ್ದ ಮನೆಗೆ ₹5 ಲಕ್ಷ ಘೋಷಣೆಯಾಯಿತು. ಮೊದಲ ಹತ್ತು ಸಾವಿರದಲ್ಲಿ ಒಂದು ಮನೆ ಪಾತ್ರೆ ಕೊಂಡರೆ ಇನ್ನೊಂದು ಮನೆ ತೊಯ್ದ ಬೀಜದ ಬದಲಿಗೆ ಹೊಸ ಬೀಜ ಕೊಳ್ಳಬಹುದು, ಮತ್ತೊಂದು ಮನೆ ಎಮ್ಮೆಗೆ ಮೇವು ತರಬಹುದು. ಯಾರಿಗೆ ಏನು ಹೋಯಿತೆಂದು ಕಳೆದುಕೊಂಡವರಿಗೆ ಗೊತ್ತು.

ಎರೆಹೊಲದ ಮನೆಯ ವರ್ಷ ಹೇಗೆ ಉರುಳುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜೂನ್‌ನಲ್ಲಿ ಮುಂಗಾರಿ ಹೆಸರಿನ ಬಿತ್ತನೆ. ಬೀಜ, ಗೊಬ್ಬರ, ಗಳೇದ ಬಾಡಿಗೆ, ಎಲ್ಲಕ್ಕೂ ಅದೇ ತಿಂಗಳು ರೊಕ್ಕ ಬೇಕು. ಮಕ್ಕಳ ಪಾಟಿಚೀಲ, ನೋಟ್‌ಬುಕ್ಕಿಗೂ ಅದೇ ತಿಂಗಳು! ಹೆಸರು ಬಿಡಿಸಿ ಮಾರಿದಾಗ ನಾಲ್ಕು ಕಾಸು ಕಾಣುತ್ತದೆ. ಅದು ಹಿಂಗಾರಿ ಜೋಳ, ಕಡಲೆ ಬಿತ್ತನೆಗೆ ಹೋಗುತ್ತದೆ. ಆಮೇಲೆ ಸುಗ್ಗಿಯವರೆಗೆ ಕೈ ಖಾಲಿ. ಆ ಖಾಲಿ ತಿಂಗಳುಗಳಲ್ಲೇ ಜ್ವರ ಬರುತ್ತದೆ, ಹೆರಿಗೆ ಬರುತ್ತದೆ, ಬಡ್ಡಿ ಸಾಲವೂ ಬರುತ್ತದೆ. ಸಾಲ ತೀರಿಸಲು ಫಸಲನ್ನು ಸಿಕ್ಕ ದರಕ್ಕೆ ಮಾರಿಬಿಡುವ ಸಂಕಟ ಅಲ್ಲಿಂದಲೇ ಶುರು. ತಿಂಗಳಿಗೊಮ್ಮೆ ಬರುವ ಎರಡು ಸಾವಿರ ನೇರ ಆ ಖಾಲಿ ಜಾಗಕ್ಕೇ ಹೋಗಿ ಬೀಳುತ್ತದೆ. ವರ್ಷಕ್ಕೆ ₹24,000. ಪಿಎಂ-ಕಿಸಾನ್‌ನ ₹6,000 ಮೂರು ಕಂತಿನಲ್ಲಿ ಬೇರೆ. ಶ್ರೀಮಂತಿಕೆ ತರುವ ಮೊತ್ತವಲ್ಲ ಇದು, ನಿಜ. ಆದರೆ ಸಾಹುಕಾರನ ಬಾಗಿಲಿಗೆ ಹೋಗುವ ಹೆಜ್ಜೆಯನ್ನು ತಡೆಯಲು ಎಷ್ಟೋ ಸಲ ಇಷ್ಟು ಸಾಕು!

ಗೃಹಲಕ್ಷ್ಮಿ ರೊಕ್ಕ ಕೈಗೆ ಬರುವ ಗಳಿಗೆಯೂ ನೋಡುವಂಥದ್ದು. ಬ್ಯಾಂಕಿನ ಪ್ರತಿನಿಧಿ ಪುಟ್ಟ ಯಂತ್ರ ಇಟ್ಟುಕೊಂಡು ಕೂತಿರುತ್ತಾನೆ. "ರೊಕ್ಕ ಬಿದ್ದೈತೇನ್ ನೋಡೋ ತಮ್ಮಾ" ಎನ್ನುತ್ತ ಬರುವ ಹೆಣ್ಣುಮಗಳು ಹೆಬ್ಬೆರಳು ಒತ್ತುತ್ತಾಳೆ. ಕಳೆ ಕಿತ್ತು, ಮೆಣಸಿನಕಾಯಿ ಬಿಡಿಸಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ತಿಳಿಯುವುದಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತುತ್ತಾಳೆ. ಹಸಿರು ದೀಪ ಹತ್ತುತ್ತದೆ. ಆ ಖಾತೆ ಗಂಡನದಲ್ಲ, ಮಗನದಲ್ಲ, ಅವಳದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಈ ಯೋಜನೆ ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳ ಖಾತೆಗೆ ಹೀಗೆ ರೊಕ್ಕ ಹಾಕುತ್ತಿದೆ. 2024-25ರ ಬಜೆಟ್‌ನಲ್ಲಿ ಇದಕ್ಕೆಂದೇ ಇಟ್ಟದ್ದು ₹28,608 ಕೋಟಿ!

ಒಂದು ಕೋಟಿ ಹೆಣ್ಣುಮಕ್ಕಳು ಎಂದರೆ ಒಂದು ಕೋಟಿ ತೀರ್ಮಾನಗಳು. ರಾಯಬಾಗ ತಾಲ್ಲೂಕಿನ ಸುಟ್ಟಟ್ಟಿಯ ಅಜ್ಜಿ ಕೂಡಿಟ್ಟ ಕಂತುಗಳಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ಅದೇ ತಾಲ್ಲೂಕಿನ ಮಂಟೂರಿನ ಹೆಣ್ಣುಮಗಳು ಊರ ಮಕ್ಕಳಿಗೆ ಗ್ರಂಥಾಲಯವನ್ನೇ ಕಟ್ಟಿಸಿದರು. ಗಜೇಂದ್ರಗಡದಲ್ಲಿ ನೀರು, ಸುಟ್ಟಟ್ಟಿಯಲ್ಲಿ ಹೋಳಿಗೆ, ಮಂಟೂರಿನಲ್ಲಿ ಪುಸ್ತಕ! ಮೂರೂ ಬಂದದ್ದು ಅದೇ ಎರಡು ಸಾವಿರದಿಂದ.

ಇಲ್ಲಿಗೇ ಬೆರಗು ಮುಗಿಯಲಿಲ್ಲ. ಬಡವರ ಕೈಗೆ ನೇರ ರೊಕ್ಕ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಸಾವಿರಾರು ಮೈಲಿ ದೂರದ ಆಫ್ರಿಕದಲ್ಲಿ ಅಳತೆಗೋಲು ಹಿಡಿದು ಪರೀಕ್ಷಿಸಿದ್ದಾರೆ. ಕೀನ್ಯಾ ದೇಶದ ಸಿಯಾಯಾ ಕೌಂಟಿಯಲ್ಲಿ ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ ಹುಲ್ಲು ಚಾವಣಿಯ 10,500ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಿತು. ಮೊಬೈಲ್ ಮೂಲಕ ನೇರವಾಗಿ, ಯಾವ ಷರತ್ತೂ ಇಲ್ಲದೆ. ಆ ಕುಟುಂಬಗಳ ಒಂದು ವರ್ಷದ ಖರ್ಚಿನ ಮುಕ್ಕಾಲು ಪಾಲಿನಷ್ಟು ಮೊತ್ತ ಅದು. 653 ಹಳ್ಳಿಗಳಲ್ಲಿ ನಡೆದ ಈ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕೊಟ್ಟ ಪ್ರತಿ ಒಂದು ಡಾಲರ್ ಆ ಸೀಮೆಯ ಆರ್ಥಿಕತೆಯಲ್ಲಿ ಸುಮಾರು ಎರಡೂವರೆ ಡಾಲರ್ ಆಗಿತ್ತು!

ಇದು ಸಾಧ್ಯವಾದದ್ದು ಹೇಗೆ? ರೊಕ್ಕ ಪಡೆದವರು ಅಂಗಡಿಗೆ ಹೋದರು, ಅಂಗಡಿಯವನು ದರ್ಜಿಗೆ ಕೊಟ್ಟ, ದರ್ಜಿ ಗಿರಣಿಗೆ ಕೊಟ್ಟ. ಹಿಟ್ಟಿನ ಗಿರಣಿ ಅದುವರೆಗೆ ಗಿರಾಕಿ ಇಲ್ಲದೆ ಹೊತ್ತುಗಟ್ಟಲೆ ಸುಮ್ಮನೆ ನಿಂತಿರುತ್ತಿತ್ತು, ಈಗ ತಿರುಗತೊಡಗಿತು. ಯಂತ್ರವೂ ಇತ್ತು, ಕೈಯೂ ಇತ್ತು, ಕೊಳ್ಳುವವರು ಮಾತ್ರ ಇರಲಿಲ್ಲ. ಆದ್ದರಿಂದಲೇ ಬೆಲೆಯೂ ಅಷ್ಟೇನೂ ಏರಲಿಲ್ಲ, ಹೆಚ್ಚಳ ಬರೀ ಶೇಕಡಾ 0.1. ರೊಕ್ಕ ಸಿಗದ ನೆರೆಮನೆಯವರ ಬದುಕೂ ಮೇಲೆದ್ದಿತು. ರೋಣದ ಸಂತೆಯಲ್ಲಿ ಬಳೆ ಮಾರುವವಳು, ಹೊಳೆಆಲೂರಿನಲ್ಲಿ ಚಹಾ ಕಾಸುವವನು ಈ ಲೆಕ್ಕವನ್ನು ಓದದೆಯೂ ಒಪ್ಪಿಯಾರು.

ಆಮೇಲೆ ಬಂದ ಫಲಿತಾಂಶ ಓದಿದರೆ ಮೈ ಜುಮ್ಮೆನ್ನುತ್ತದೆ. ಅದೇ ಸಿಯಾಯಾದ ಮನೆಗಳಲ್ಲಿ ಹುಟ್ಟಿದ ಕೂಸುಗಳ ಲೆಕ್ಕವನ್ನು ಸಂಶೋಧಕರು 2025ರಲ್ಲಿ ಹೊರತಂದರು. ರೊಕ್ಕ ತಲುಪಿದ ಮನೆಗಳಲ್ಲಿ ಶಿಶುಮರಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು! ಬಸುರಿ ಹೆಣ್ಣುಮಕ್ಕಳು ಕೊನೆಯ ತಿಂಗಳುಗಳಲ್ಲಿ ಹೊಲದ ಭಾರೀ ದುಡಿಮೆ ಕಡಿಮೆ ಮಾಡಿದ್ದರು, ಆಸ್ಪತ್ರೆಯಲ್ಲಿ ಹೆರಿಗೆಯಾದವರು ಹೆಚ್ಚಿದ್ದರು. ವೈದ್ಯರಿದ್ದ ಆಸ್ಪತ್ರೆ ಹತ್ತಿರವಿದ್ದ ಕಡೆ ಮತ್ತು ಹೆರಿಗೆಯ ಹೊತ್ತಿಗೇ ರೊಕ್ಕ ಕೈಗೆ ಬಂದ ಮನೆಗಳಲ್ಲಿ ಫಲ ಎಲ್ಲಕ್ಕಿಂತ ದೊಡ್ಡದಾಗಿತ್ತು. ರೊಕ್ಕ ಯಾವಾಗ ಬರುತ್ತದೆ ಎಂಬುದರ ಮೇಲೆ ಒಂದು ಕೂಸಿನ ಉಸಿರು ನಿಂತಿದೆ ಎಂದರೆ, ಕಂತಿನ ತಾರೀಖು ಎಂಥ ದೊಡ್ಡ ವಿಷಯ!

ಪುಕ್ಕಟೆ ರೊಕ್ಕ ಕೊಟ್ಟರೆ ಜನ ಕುಡಿದು ಹಾಳಾಗುತ್ತಾರೆ, ಸೋಮಾರಿಗಳಾಗುತ್ತಾರೆ ಎಂಬ ಮಾತು ಕಟ್ಟೆಕಟ್ಟೆಯ ಮೇಲೂ ಕೇಳುತ್ತದೆ. ಅದನ್ನೂ ಪರೀಕ್ಷಿಸಿ ಆಗಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ವಬ್ಯಾಂಕಿನ ಸಂಶೋಧಕರಿಗೆ ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ನಮ್ಮ ಮಧ್ಯಪ್ರದೇಶದಲ್ಲೇ 2011ರಲ್ಲಿ ‘ಸೇವಾ’ (SEWA) ಎಂಬ ಸಂಘಟನೆ ಯುನಿಸೆಫ್ ನೆರವಿನಿಂದ ಎಂಟು ಹಳ್ಳಿಗಳ ಎಲ್ಲರಿಗೂ ತಿಂಗಳ ರೊಕ್ಕ ಕೊಟ್ಟು ನೋಡಿತು. ಜನ ದುಡಿಮೆ ಬಿಡಲಿಲ್ಲ. ಕೂಲಿ ಬಿಟ್ಟು ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು, ಆಡು-ಕುರಿ ಕೊಂಡರು, ಮಕ್ಕಳಿಗೆ ಚೆನ್ನಾಗಿ ಉಣ್ಣಿಸಿದರು.

ಗದಗ ಸೀಮೆಗೆ ಇಂಥ ಅಚ್ಚರಿ ಹೊಸದೇನೂ ಅಲ್ಲ. 1905ರಲ್ಲಿ ಇಲ್ಲಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ರೈತನ ಕೈಗೆ ನ್ಯಾಯದ ಬಡ್ಡಿಯಲ್ಲಿ ರೊಕ್ಕ ಕೊಡಿ, ಅವನು ತೀರಿಸುತ್ತಾನೆ ಎಂದು ನಂಬಿದವರು ಅವರು. ಆ ನಂಬಿಕೆಯಿಂದಲೇ ದೇಶದ ಸಹಕಾರ ಚಳವಳಿಗೆ ದಾರಿ ತೆರೆಯಿತು. ಇವತ್ತು ನಂಬಬೇಕಾದದ್ದು ಆ ರೈತನ ಮನೆಯ ಹೆಣ್ಣುಮಗಳನ್ನು.

ಅವಳು ತನ್ನ ಪಾಲಿನ ಕೆಲಸ ಮಾಡಿ ತೋರಿಸಿದ್ದಾಳೆ. ಕೊಡುವವರ ಪಾಲಿನದು ಬಾಕಿ ಇದೆ. ಗೃಹಲಕ್ಷ್ಮಿ ಕಂತು ಎಷ್ಟೋ ಸಲ ಎರಡು, ಮೂರು ತಿಂಗಳು ತಡವಾಗಿದೆ. ಬಿತ್ತನೆ ಮುಗಿದ ಮೇಲೆ ಬಂದ ರೊಕ್ಕದಿಂದ ಬೀಜ ಕೊಳ್ಳಲಾಗುವುದಿಲ್ಲ, ಹೆರಿಗೆ ಮುಗಿದ ಮೇಲೆ ಬಂದ ರೊಕ್ಕ ಆಸ್ಪತ್ರೆಯ ದಾರಿಗೆ ಒದಗುವುದಿಲ್ಲ. ಸರ್ಕಾರಿ ನೌಕರರ ಸಂಬಳಕ್ಕೆ ತಾರೀಖು ಇರುವಂತೆ ಗೃಹಲಕ್ಷ್ಮಿಗೂ ಒಂದು ತಾರೀಖು ಗೊತ್ತುಮಾಡಿ, ಅದನ್ನು ತಪ್ಪದೆ ನಡೆಸಿರಿ. ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.